ಹುಡುಗರಿಗೆ ಮೈಕ್ ಸಾಕಾಗಲ್ಲ, ಚೆಕ್‌ಬುಕ್ ಕೊಡಿ

ನಮಸ್ಕಾರ, ಕೋಲಾರದಿಂದ. ಹೋದ ಸಂಚಿಕೆಗೆ ಒಬ್ಬ ಯಜಮಾನರು ಕಾಮೆಂಟ್ ಹಾಕಿದ್ದಾರೆ: "ಹುಡುಗರ ಕೈಗೆ ಸಂಘ ಕೊಟ್ಟರೆ ಆರು ತಿಂಗಳಲ್ಲಿ ಬಾಗಿಲು ಮುಚ್ಚುತ್ತೆ. ಅವರು ಓಡಾಡಲಿ, ನಾವು ದಾರಿ ತೋರಿಸ್ತೀವಿ." ಓದಿ ಸುಮ್ಮನಿರೋಕೆ ಆಗಲಿಲ್ಲ. ನಮ್ಮ ಕೆರೆ, ಪರಿಸರ ಸಂಘಗಳಲ್ಲಿ ಹುಡುಗರಿಗೆ ಅಧಿಕಾರ ಕೊಡಬೇಕಾ ಬೇಡ್ವಾ, ಇವತ್ತು ಪೂರ್ತಿ ಇದೇ ಮಾತು.

ಓಡಾಡಲಿ ಅಂದ್ರೆ ಏನು ಯಜಮಾನ್ರೇ? ಶಾಮಿಯಾನ ಕಟ್ಟಲಿ, ಕುರ್ಚಿ ಜೋಡಿಸಲಿ, ಜೂನ್ 5ರ ಪರಿಸರ ದಿನಕ್ಕೆ ಗುಂಡಿ ತೆಗೆದು ಗಿಡ ನೆಡಲಿ, ವಾಟ್ಸಾಪ್‌ಗೆ ಪೋಸ್ಟರ್ ಮಾಡಿಕೊಡಲಿ. ಸರಿ, ಮಾಡ್ತಾರೆ. ಚೆಕ್ಕಿಗೆ ಸಹಿ ಯಾರದು? ನಾನು ಕೇಳ್ತಿರೋದು ಇದೊಂದೇ. ಹಾರ, ಶಾಲು, ಮುಂದಿನ ಸಾಲು ಎಲ್ಲಾ ನೀವೇ ಇಟ್ಕೊಳ್ಳಿ. ಯುವ ನಾಯಕತ್ವ ಅಂತ ಬ್ಯಾನರ್ ಕಟ್ಟೋ ಸಂಘದಲ್ಲಿ ಬ್ಯಾಂಕ್ ಖಾತೆಗೆ ಯುವಕರ ಸಹಿ, ಕಾರ್ಯಕಾರಿ ಸಮಿತೀಲಿ ಅವರ ವೋಟು ಇರಬೇಕು. ಎರಡೂ ಇಲ್ಲ ಅಂದ್ರೆ ಅವರು ಸಂಬಳ ಇಲ್ಲದ ಆಳುಗಳು.

ಕಾನೂನು ನಿಮಗಿಂತ ಧಾರಾಳವಾಗಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ 18 ತುಂಬಿದ ಏಳು ಜನ ಸೇರಿದರೆ ಸಂಘ ಮಾಡಬಹುದು. ಸಂವಿಧಾನದ 61ನೇ ತಿದ್ದುಪಡಿ ಆದಮೇಲೆ 18ಕ್ಕೆ ವೋಟು. 21ಕ್ಕೆ ಗ್ರಾಮ ಪಂಚಾಯ್ತಿ ಸದಸ್ಯರಾಗಬಹುದು, ಅಧ್ಯಕ್ಷರೂ ಆಗಬಹುದು. ಆ ಅಧ್ಯಕ್ಷರು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜತೆ ಸೇರಿ ಪಂಚಾಯ್ತಿ ಹಣಕ್ಕೆ ಸಹಿ ಹಾಕ್ತಾರೆ. ಇಡೀ ಪಂಚಾಯ್ತಿ ದುಡ್ಡಿಗೆ 21ರ ಹುಡುಗಿ ಸಾಕು, ನಿಮ್ಮ ಕೆರೆ ಸಂಘದ ಖಾತೆಗೆ ಸಾಲಲ್ವಾ?

ಮಾಡೋದು ಹೇಗೆ ಅಂತಾನೂ ಹೇಳ್ತೀನಿ. ಮೊದಲು ಬೈಲಾ, ಅಂದ್ರೆ ಸಂಘದ ನಿಯಮಾವಳಿ. ಒಂಬತ್ತು ಜನರ ಸಮಿತೀಲಿ 30ರೊಳಗಿನವರಿಗೆ ಕನಿಷ್ಠ ಮೂರು ಸ್ಥಾನ ಅಂತ ಸರ್ವಸದಸ್ಯರ ಸಭೇಲಿ ತಿದ್ದುಪಡಿ ಮಾಡಿ, ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿ. ಒಬ್ಬರನ್ನೇ ತಗೊಂಡ್ರೆ ಏನಾಗುತ್ತೆ ಗೊತ್ತಲ್ಲ? ಆ ಹುಡುಗ ಬಾಯಿ ತೆಗೆದ ಕೂಡಲೇ "ನೀನಿನ್ನೂ ಚಿಕ್ಕವನು ಕಣಪ್ಪ" ಅಂತಾರೆ, ಮೂರನೇ ಸಭೆಗೆ ಅವನು ಬರಲ್ಲ. ಮೂವರಿದ್ರೆ ಒಬ್ಬರ ಮಾತಿಗೆ ಇನ್ನೊಬ್ಬರು ಅನುಮೋದನೆ ಕೊಡ್ತಾರೆ, ಅದು ನಡಾವಳಿ ಪುಸ್ತಕಕ್ಕೆ ಹೋಗುತ್ತೆ.

ಆಮೇಲೆ ಬ್ಯಾಂಕು. ಎಡವಟ್ಟು ಆಗೋದು ಇಲ್ಲೇ, ಗಮನ ಇಟ್ಟು ಕೇಳಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರ ಹೆಸರು ಕೊಟ್ಟು, ಎಲ್ಲರೂ "ಮೂವರಲ್ಲಿ ಯಾರಾದರೂ ಇಬ್ಬರು" ಅಂತ ರೆಸಲ್ಯೂಷನ್ (ನಿರ್ಣಯ) ಬರೀತಾರೆ. ಆಗ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರು ಹಿರಿಯರೇ ಸಹಿ ಹಾಕಿ ಮುಗಿಸ್ತಾರೆ, ಖಜಾಂಚಿ ಹುಡುಗಿ ಹೆಸರು ಬ್ಯಾಂಕ್ ಕಾಗದದಲ್ಲಿ ಮಾತ್ರ ಉಳಿಯುತ್ತೆ. ಹಾಗೆ ಬರೀಬೇಡಿ. "ಖಜಾಂಚಿಯ ಸಹಿ ಕಡ್ಡಾಯ, ಜತೆಗೆ ಉಳಿದಿಬ್ಬರಲ್ಲಿ ಒಬ್ಬರದು" ಅಂತ ಬರೀರಿ. ಖಜಾಂಚಿ 30ರೊಳಗಿನವರಾಗಲಿ. ಲೆಟರ್‌ಹೆಡ್ ಮೇಲೆ ಆ ನಿರ್ಣಯ, ಸಂಘದ ಪ್ಯಾನ್, ಸಹಿ ಹಾಕೋರ ಆಧಾರ್, ಪ್ಯಾನ್, ಫೋಟೊ ಎಲ್ಲಾ ಒಂದೇ ಸಲ ತಗೊಂಡು ಹೋಗಿ.

"ದುಡ್ಡು ತಿಂತಾರೆ" ಅಂತೀರಿ. ಎರಡು ಸಹಿ ಇರೋ ಕಡೆ ಒಬ್ಬರು ಹೇಗೆ ತಿಂತಾರೆ? ದುಡ್ಡು ಹೋಗೋ ದಾರಿ ಬೇರೆ ಇದೆ: ಅಧ್ಯಕ್ಷರು ಊರಲ್ಲಿರಲ್ಲ ಅಂತ ಖಾಲಿ ಚೆಕ್ಕಿಗೆ ಮುಂಚೇನೇ ಸಹಿ ಹಾಕಿಟ್ಟು ಹೋಗೋದು. ಈ ಅಭ್ಯಾಸ ಇರೋದು ದೊಡ್ಡವರಿಗೇ.

ಖಜಾಂಚಿಗೆ ವೋಚರ್ (ಖರ್ಚಿನ ಚೀಟಿ) ಓದೋದು ಕಲಿಸಿ, ಮೂರು ತಿಂಗಳು ಹಳೇ ಖಜಾಂಚಿ ಪಕ್ಕ ಕೂರಿಸಿ. ತಾರೀಖು, ಯಾರಿಗೆ, ಯಾತಕ್ಕೆ, ಬಿಲ್ ನಂಬರ್ ನೋಡಬೇಕು. ₹5,000 ದಾಟಿದ ನಗದಿನ ರಸೀದಿಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಬೇಕು. ಒಬ್ಬರಿಗೆ ಒಂದೇ ದಿನ ₹10,000 ದಾಟಿ ನಗದು ಕೊಟ್ಟರೆ ತೆರಿಗೆ ಲೆಕ್ಕದಲ್ಲಿ ಕಷ್ಟ, ಬ್ಯಾಂಕ್ ಮೂಲಕವೇ ಹೋಗಲಿ. ತಿಂಗಳ ಕೊನೇಲಿ ಕ್ಯಾಶ್‌ಬುಕ್ಕು, ಪಾಸ್‌ಬುಕ್ಕು ತಾಳೆ ನೋಡೋದು. ಅಷ್ಟೇ ವಿದ್ಯೆ. ಇದನ್ನ ಬ್ರಹ್ಮವಿದ್ಯೆ ಅಂತ ಬಚ್ಚಿಟ್ಕೊಳ್ಳೋದು ಯಾಕೆ?

ಇನ್ನೊಂದು ಬೀಗ ಇದೆ, ಯಾರೂ ಮಾತಾಡಲ್ಲ: ಓಟಿಪಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸೋ ಸರ್ಕಾರದ ದರ್ಪಣ್ ಪೋರ್ಟಲ್, ಆದಾಯ ತೆರಿಗೆ ಪೋರ್ಟಲ್ ಎಲ್ಲಕ್ಕೂ ಹಳೇ ಅಧ್ಯಕ್ಷರ ಮೊಬೈಲ್ ನಂಬರು. ಹೊಸ ಸಮಿತಿ ಬಂದರೂ ಓಟಿಪಿ ಅವರ ಫೋನಿಗೇ. ಅವರು ಮದುವೆ ಮನೇಲಿದ್ರೆ ರಿಟರ್ನ್ಸ್ ನಿಂತುಹೋಯ್ತು! ಸಂಘದ ಹೆಸರಲ್ಲೇ ಒಂದು ಸಿಮ್ಮು, ಒಂದು ಇಮೇಲ್ ಇರಲಿ. ಅಧಿಕಾರ ಹಸ್ತಾಂತರ ಅಂದ್ರೆ ಮೊದಲು ಅದು.

ಸಭೆ ಟೈಮು ನೋಡಿ. ಮಂಗಳವಾರ ಬೆಳಗ್ಗೆ 11ಕ್ಕೆ ಕರೆದು "ಯುವಕರಿಗೆ ಆಸಕ್ತಿ ಇಲ್ಲ" ಅನ್ನೋದು ಅನ್ಯಾಯ. ಆ ಹೊತ್ತಿಗೆ ಒಬ್ಬರು ಕಾಲೇಜಲ್ಲಿ, ಇನ್ನೊಬ್ಬರು ನರಸಾಪುರದ ಕಾರ್ಖಾನೇಲಿ ಶಿಫ್ಟಲ್ಲಿ. ಭಾನುವಾರ ಇಡಿ, ಶ್ರೀನಿವಾಸಪುರದ ಕಡೆ ಹಳ್ಳಿ ಹುಡುಗಿಗೆ ಬೆಳಕಿರುವಾಗಲೇ ವಾಪಸ್ ಬಸ್ ಸಿಗೋ ಹಾಗೆ ಮುಗಿಸಿ. ಬಸ್ ಚಾರ್ಜು ಅವತ್ತೇ ಕೈಗೆ ಕೊಡಿ. ಅಜೆಂಡಾ ಒಂದು ವಾರ ಮುಂಚೆ ಕಳಿಸಿ.

18 ತುಂಬದವರು ಸಹಿ ಹಾಕೋ ಹಾಗಿಲ್ಲ, ಒಪ್ಪಿದೆ. ಅವರಿಗೆ ಸಲಹಾ ಸಮಿತಿ ಮಾಡಿ, ಸಣ್ಣ ಬಜೆಟ್ ಕೊಡಿ, ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಎಲ್ಲೇ ಹೋದರೂ ಇಬ್ಬರು ದೊಡ್ಡವರು ಜತೇಲಿರಲಿ.

"ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಡ್ತಾರೆ" ಅಂತ ಇನ್ನೊಬ್ಬರು ಬರೆದಿದ್ದಾರೆ. ಹೋಗ್ಲಿ ಬಿಡಿ! ಅವಧಿ ಎರಡೇ ವರ್ಷ ಅಂತ ಇಟ್ಟು, ಮುಂದಿನವರನ್ನ ತಯಾರು ಮಾಡಿ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಗೆ ಅಂಟಿಕೊಂಡಿರೋದು ಸ್ಥಿರತೆ ಅಲ್ಲ ಸ್ವಾಮಿ.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕಳಿಸಿದ್ದು. ಅವತ್ತು ಹೈಸ್ಕೂಲಲ್ಲಿದ್ದ ಮಕ್ಕಳು ಈಗ ಡಿಗ್ರಿ ಮುಗಿಸಿದ್ದಾರೆ. ಆ ನೀರು ಇಂಗಿದ ಬೋರ್‌ವೆಲ್ಲನ್ನ ಇನ್ನು ಐವತ್ತು ವರ್ಷ ಬಳಸೋರು ಅವರು. ನೀರಿನ ಪರೀಕ್ಷೆ ಎಷ್ಟು ಸಲ ಆಗಬೇಕು, ಹೂಳು ಯಾರ ಹೊಲಕ್ಕೆ ಹೋಗಬೇಕು, ರಾಜಕಾಲುವೆ ಒತ್ತುವರಿ ಬಗ್ಗೆ ಅರ್ಜಿ ಯಾರು ಕೊಡಬೇಕು, ಇದನ್ನ ತೀರ್ಮಾನ ಮಾಡುವಾಗ ಅವರು ಹೊರಗೆ ಟೀ ಹಂಚಬೇಕಾ? ಬೇಡ. ಒಳಗೆ ಕೂರಿಸಿ. ಸಹಿ ಕೊಡಿ. ಇನ್ನೇನು ಕಾರಣ ಹೇಳಲಿ? ಕೊಡಿ ಅಷ್ಟೇ!

ಬೈಲಾ ತಿದ್ದುಪಡಿ, ಬ್ಯಾಂಕ್ ರೆಸಲ್ಯೂಷನ್ ಎರಡರ ಮಾದರೀನೂ ಕೆಳಗಿನ ಲಿಂಕಲ್ಲಿದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಸಂಘದ ಅಧ್ಯಕ್ಷರಿಗೆ ಇವತ್ತೇ ಕಳಿಸಿ. ಬೈದರೆ ಬೈಗುಳ ನನಗೆ ಫಾರ್ವರ್ಡ್ ಮಾಡಿ, ಮುಂದಿನ ವಾರ ಉತ್ತರ ಕೊಡ್ತೀನಿ.