ಕೆಂಪಿಲ್ಲದ ರಕ್ತ

ನಮಸ್ಕಾರ. ಇವತ್ತು ಒಂದು ಚಿತ್ರದ ಬಗ್ಗೆ ಮಾತು. ರೇಡಿಯೋದಲ್ಲಿ ಚಿತ್ರವಾ ಅಂತ ನಗಬೇಡಿ. ಇದರಲ್ಲಿ ಬಣ್ಣವೇ ಇಲ್ಲ. ಬಿಳಿ ಹಾಳೆ, ಕಪ್ಪು ಶಾಯಿ, ಅಷ್ಟೇ.

ಒಬ್ಬ ಹುಡುಗಿ ಗಾಳಿಯಲ್ಲಿ ಮಂಡಿಯೂರಿದ್ದಾಳೆ. ಕಾಲ ಕೆಳಗೆ ನೆಲವಿಲ್ಲ. ಎರಡೂ ಕೈಯಲ್ಲಿ ಗಂಡಸೊಬ್ಬನ ಕಡಿದ ತಲೆ ಹಿಡಿದು ಹತ್ತಿರದಿಂದ ನೋಡುತ್ತಿದ್ದಾಳೆ. ತಲೆಯಿಂದ ರಕ್ತ ಸಣ್ಣಗೆ ಕೆಳಗಿನ ಕಪ್ಪು ಕೊಳಕ್ಕೆ ಇಳಿಯುತ್ತದೆ, ಆ ಕೊಳದಿಂದ ಒಂದು ಲಿಲಿ ಹೂ ಎದ್ದಿದೆ. ಕೆಸರಿನ ಕಮಲ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವಲ್ಲ, ಇದು ಆ ಜಾತಿಯ ಹೂವಲ್ಲ. ರಕ್ತ ಕುಡಿದು ಬೆಳೆದದ್ದು.

ಅವಳು ಸಲೋಮೆ, ತಲೆ ಪ್ರವಾದಿ ಸ್ನಾನಿಕ ಯೋಹಾನನದು. ಬೈಬಲ್ಲಿನಲ್ಲಿ ಹುಡುಗಿ ಅಮ್ಮನ ಮಾತು ಕೇಳಿ ತಲೆ ಬೇಡುತ್ತಾಳೆ. ಆಸ್ಕರ್ ವೈಲ್ಡ್ ಬರೆದ ‘ಸಲೋಮೆ’ ನಾಟಕದಲ್ಲಿ ಹಾಗಲ್ಲ, ಆ ತುಟಿಗೆ ಮುತ್ತಿಡಬೇಕು ಅನ್ನುವ ಹಟ ಅವಳದೇ. ನಾಟಕ 1894ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಪುಸ್ತಕವಾದಾಗ ಚಿತ್ರ ಬರೆದವನು ಆಬ್ರಿ ಬಿಯರ್ಡ್ಸ್ಲಿ. ಆಗ ಅವನಿಗೆ 21 ವರ್ಷ. ವಿಮಾ ಕಚೇರಿಯ ಗುಮಾಸ್ತಿಕೆ ಬಿಟ್ಟು ಬಂದವನು, ಮೈಯಲ್ಲಿ ಕ್ಷಯ ಬೇರೆ. 25ಕ್ಕೇ ತೀರಿಕೊಂಡ.

ಇದೇ ದೃಶ್ಯವನ್ನು 1893ರಲ್ಲಿ ಒಂದು ಪತ್ರಿಕೆಗೂ ಬರೆದಿದ್ದ. ಅದರ ತುಂಬ ಕೂದಲೆಳೆಯಂಥ ಗೆರೆಗಳು, ಬರಹ ಕೂಡ. ಪುಸ್ತಕಕ್ಕೆ ಮತ್ತೆ ಬರೆಯುವಾಗ ಅದರಲ್ಲಿ ಜಾಸ್ತಿ ಪಾಲನ್ನು ತೆಗೆದೇಬಿಟ್ಟ. ಆಗ ಲೈನ್ ಬ್ಲಾಕ್ ಅಂತ ಹೊಸ ಮುದ್ರಣ ಬಂದಿತ್ತು: ಚಿತ್ರದ ಫೋಟೋ ತೆಗೆದು, ಸತುವಿನ ತಗಡಿಗೆ ಇಳಿಸಿ, ಬೇಡದ ಜಾಗವನ್ನು ಆಮ್ಲದಿಂದ ತಿನ್ನಿಸುವುದು. ಕಪ್ಪು ಇಲ್ಲವೇ ಬಿಳಿ, ನಡುವೆ ಬೂದು ಇಲ್ಲ. ಬೇರೆಯವರಿಗೆ ಅದು ಕೊರತೆ, ಇವನಿಗೆ ಅದೇ ಬೇಕಿತ್ತು. ಕೆಂಪೇ ಇಲ್ಲದ ರಕ್ತ ನೋಡಿದಾಗ ಅಸಹ್ಯ ಆಗುವುದಿಲ್ಲ. ರಂಗೋಲಿ ಎಳೆಯ ಹಾಗೆ ಚೆಂದ ಕಾಣುತ್ತದೆ, ಆಮೇಲೆ ಥತ್, ಚೆಂದ ಅಂದೆನಲ್ಲ ಅಂತ ನಮಗೇ ನಾಚಿಕೆ.

ಇದು ಗಂಡಸನ್ನು ನುಂಗುವ ಹೆಣ್ಣಿನ ಚಿತ್ರ ಅಂತ ತುಂಬ ಜನ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎರಡೂ ಮುಖ ನೋಡಿ. ಇಬ್ಬರ ಕೂದಲೂ ಹಾವಿನಂತೆ ಸುತ್ತಿಕೊಂಡಿದೆ, ಮುಖಗಳಲ್ಲೂ ಒಂದೇ ಛಾಯೆ, ಕನ್ನಡಿ ಹಿಡಿದಂತೆ. ಅವಳು ತನ್ನ ಸಾವನ್ನೇ ನೋಡುತ್ತಿದ್ದಾಳೆ ಅನ್ನಿಸುತ್ತದೆ, ಅಲ್ವಾ? ನಾಟಕದಲ್ಲೂ ಮುತ್ತಿಟ್ಟ ಸ್ವಲ್ಪ ಹೊತ್ತಿಗೇ ಅವಳ ಮಲತಂದೆ, ದೊರೆ ಹೆರೋದನ ಅಪ್ಪಣೆಯಂತೆ ಸೈನಿಕರು ಅವಳನ್ನು ಗುರಾಣಿಗಳ ಕೆಳಗೆ ಹೊಸಕಿಹಾಕುತ್ತಾರೆ. ಬಿಯರ್ಡ್ಸ್ಲಿ ಅದನ್ನು ಬರೆಯಲಿಲ್ಲ. ಪುಸ್ತಕದ ಕೊನೆಗೆ ಒಂದು ಪುಟ್ಟ ಚಿತ್ರ ಇಟ್ಟ: ಇಬ್ಬರು ಸೇರಿ ಸಲೋಮೆಯ ಹೆಣವನ್ನು ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯಲ್ಲಿ ಮಲಗಿಸುತ್ತಿದ್ದಾರೆ.