ದೋಸೆ ನಂದು, ಹಿಟ್ಟು ಯಾರದು?

ಕೇಳುಗರಿಗೆ ನಮಸ್ಕಾರ. ನಾನು ಗೃಹವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮನೆಗೆಲಸ ಹಂಚಿಕೊಳ್ಳುವ ಬಗ್ಗೆ ಮಾತಾಡಿ ಎಂದು ರೇಡಿಯೊದವರು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ದಯವಿಟ್ಟು ಮನೆಯಲ್ಲಿ 'ಸಹಾಯ' ಮಾಡಬೇಡಿ. ಒಂದು ಕೆಲಸವನ್ನು ಪೂರ್ತಿ ವಹಿಸಿಕೊಳ್ಳಿ. ಅದನ್ನು ನೆನಪಿಟ್ಟುಕೊಳ್ಳುವುದೂ ಸೇರಿ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಏನು ಹೇಳುತ್ತದೆ ಗೊತ್ತಾ? ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಹುಲ್ಲುಕಡ್ಡಿ ಅಲ್ಲಾಡಿಸದವರನ್ನು ಸೇರಿಸಿಯೇ ಇಲ್ಲ! ಇನ್ನು ಸ್ನಾನ ಮಾಡುವಾಗಲೂ ಬೇಳೆ ಮುಗೀತಾ, ಗ್ಯಾಸ್ ಬುಕ್ ಆಯ್ತಾ ಎಂದು ತಲೆಯಲ್ಲಿ ಓಡುತ್ತಿರುತ್ತದಲ್ಲ, ಅದನ್ನು ಯಾರು ಗಡಿಯಾರ ಹಿಡಿದು ಅಳೆಯುತ್ತಾರೆ?

ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಯಜಮಾನರು 'ಭಾನುವಾರದ ದೋಸೆ ನಂದು' ಎಂದು ಹೇಳಿಕೊಂಡು ತಿರುಗುತ್ತಿದ್ದರು. ಚೆನ್ನಾಗಿಯೇ ಹುಯ್ಯುತ್ತಿದ್ದರು, ಸುಳ್ಳೇಕೆ ಹೇಳಲಿ. ತೂತು ತೂತಾಗಿ, ಅಂಚು ಕೆಂಪಗೆ. ನೆಂಟರ ಹೊಗಳಿಕೆ ಬೇರೆ. ಆದರೆ ಶನಿವಾರ ಮಧ್ಯಾಹ್ನ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಚಮಚ ಮೆಂತ್ಯ ನೆನೆಹಾಕುತ್ತಿದ್ದವಳು ನಾನು. ಸಂಜೆ ರುಬ್ಬುತ್ತಿದ್ದವಳು ನಾನು. ರಾತ್ರಿ ಉಕ್ಕಿ ಚೆಲ್ಲದ ಹಾಗೆ ದೊಡ್ಡ ಪಾತ್ರೆ ಹುಡುಕುತ್ತಿದ್ದವಳೂ ನಾನೇ.

ಒಂದು ಶನಿವಾರ ಸುಮ್ನೆ ಇದ್ದುಬಿಟ್ಟೆ. ಬಾಯಿ ತುರಿಸುತ್ತಿತ್ತು, ಆದರೂ ಹೇಳಲಿಲ್ಲ. ಬೆಳಗ್ಗೆ ಕಾವಲಿ ಕಾದಿದೆ. ಉಜ್ಜಲು ಅರ್ಧ ಈರುಳ್ಳಿ ರೆಡಿ. ಸೌಟು ಹಿಡಿದು ಫ್ರಿಜ್ ತೆಗೆದು, "ಹಿಟ್ಟೆಲ್ಲಿ?" ಎಂದರು.

"ಅಕ್ಕಿ ಡಬ್ಬದಲ್ಲಿದೆ" ಎಂದೆ.

ಅವತ್ತು ಉಪ್ಪಿಟ್ಟು. ಗಂಟು ಗಂಟು. ಮುಂದಿನ ವಾರ ತಾವೇ ನೆನೆಹಾಕಿದರು. ಡಿಸೆಂಬರ್ ಚಳಿ, ಹಿಟ್ಟು ಹುದುಗಲಿಲ್ಲ. ಬಿಳಿಚಿಕೊಂಡ ದೋಸೆ ತಿಂದೆವು. ನಾನು ಕೈ ಹಾಕಲಿಲ್ಲ. ತಾಯಂದಿರೇ, ಇದು ಮುಖ್ಯ: ಕೊಟ್ಟ ಮೇಲೆ ಕೈ ಹಾಕಬೇಡಿ! ಈಗ ಚಳಿಗಾಲದಲ್ಲಿ ಬೆಳಗ್ಗೆಯೇ ನೆನೆಹಾಕಿ ಮಧ್ಯಾಹ್ನ ರುಬ್ಬುತ್ತಾರೆ. ನಾನು ಹೇಳಿಕೊಟ್ಟದ್ದಲ್ಲ.

ಅಯ್ಯೋ, ಗಾಜಿನಾಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ದೋಸೆಯಲ್ಲೇ ಸಮಯ ಹೋಯಿತು. ಮಕ್ಕಳ ವಿಷಯ ಬೇಗ ಹೇಳಿಬಿಡುತ್ತೇನೆ. ಗಿಡಕ್ಕೆ ನೀರು ಹಾಕು ಎಂದು ನೀವು ದಿನಾ ನೆನಪಿಸುತ್ತಿದ್ದರೆ ಅದು ಇನ್ನೂ ನಿಮ್ಮ ಕೆಲಸವೇ. ರೂಮು ಮಾಡಿಕೊಂಡಿರುವ ಹುಡುಗರೇ, ನಿಮಗೂ ಅಷ್ಟೇ. ಪಾತ್ರೆಯ ಸರದಿ ಎಂದರೆ ಸೋಪು ತರುವುದೂ ಸೇರಿತು, ಸಿಂಕಿನ ಜಾಲರಿಯಲ್ಲಿ ಕೂತ ಅನ್ನದ ಅಗುಳು ತೆಗೆಯುವುದೂ ಸೇರಿತು. 'ಏನು ಮಾಡಲಿ ಹೇಳು' ಎಂದು ಕೇಳಿದರೆ ಅರ್ಧ ಕೆಲಸ ವಾಪಸ್ ಕೊಟ್ಟ ಹಾಗೆ, ಅಲ್ವಾ?

ಇವತ್ತು ಶನಿವಾರ, ಈಗ ಮಧ್ಯಾಹ್ನ ಎರಡೂವರೆ. ನಾಳೆ ದೋಸೆ ನಂದು ಎಂದವರು ರೇಡಿಯೊ ಆರಿಸಿ, ಎದ್ದು ಅಕ್ಕಿ ತೊಳೆಯಿರಿ. ನಮಸ್ಕಾರ.