ಸ್ಕಾಲರ್‌ಶಿಪ್ ಹಣದಲ್ಲಿ ಒಂದು ಪಾಲು ಮನೆಯ ಕಿಟಕಿಗೂ ಇರಲಿ

ಅಧ್ಯಕ್ಷರೇ, ಸಂಘದ ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳು ಒಂದು ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿವೆ. ಜೂನ್ ಬಂತೆಂದರೆ ಮಕ್ಕಳಿಗೆ ನೋಟ್ ಪುಸ್ತಕ, ಫೀಸಿಗೆ ನೆರವು, ಹತ್ತನೆಯಲ್ಲಿ ಜಾಸ್ತಿ ಮಾರ್ಕ್ಸ್ ತೆಗೆದವರಿಗೆ ಸ್ಕಾಲರ್‌ಶಿಪ್. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರಿದು. ಓದಿಗೆ ಹಣ ಕೊಡಿ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕೇಳುವುದು ಇಷ್ಟೇ: ಆ ಹಣದಲ್ಲಿ ಒಂದು ಪಾಲನ್ನು, ಮಗು ಶಾಲೆಗೆ ಸೇರುವ ಮೊದಲೇ, ಅದರ ಮನೆಯ ಹಳೇ ಬಣ್ಣಕ್ಕಾಗಿ ಖರ್ಚು ಮಾಡಿ.

ಬಣ್ಣಕ್ಕೂ ಓದಿಗೂ ನಡುವೆ ಇರುವುದು ಸೀಸ, ಅಂದರೆ ಲೆಡ್, ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ. ಆಯಿಲ್ ಪೇಂಟ್ ಬೇಗ ಒಣಗಲಿ, ಹಳದಿ ಕೆಂಪು ಢಾಳಾಗಿ ಕಾಣಲಿ ಅಂತ ಅದಕ್ಕೆ ಸೀಸ ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು. 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಜಾಸ್ತಿ ಸೀಸ ಇರಬಾರದು. ಒಳ್ಳೆಯ ನಿಯಮವೇ. ಆದರೆ ಅದು ಅಂಗಡಿಯ ಡಬ್ಬಕ್ಕೆ ಸಂಬಂಧಿಸಿದ್ದು. ಅದಕ್ಕೂ ಮುಂಚೆ ಬಾಗಿಲು, ಕಿಟಕಿ, ಗ್ರಿಲ್‌ಗಳ ಮೇಲೆ ಕೂತ ಬಣ್ಣ ಅಲ್ಲೇ ಇದೆ.

ನಮ್ಮ ಮುಂಬಯಿಯ ಪರಳದ, ಲಾಲ್‌ಬಾಗಿನ ಯಾವುದಾದರೂ ಹಳೇ ಚಾಳಿಗೆ, ಅಂದರೆ ಸಾಲು ಕೋಣೆಗಳ ವಠಾರಕ್ಕೆ, ಹೋಗಿ ಕಿಟಕಿಯ ಮರವನ್ನು ಹತ್ತಿರದಿಂದ ನೋಡಿ. ಮೇಲೆ ತಿಳಿನೀಲಿ. ಅದು ಎದ್ದ ಕಡೆ ಹಸಿರು. ಅದರ ಕೆಳಗೆ ಹಳದಿ. ಕಿಟಕಿ ತೆರೆದು ಮುಚ್ಚುವಾಗ ಮರಕ್ಕೆ ಮರ ಉಜ್ಜಿ ಸಣ್ಣ ಹುಡಿ ಉದುರುತ್ತದೆ. ಒಂದೂವರೆ ವರ್ಷದ ಮಗು ಅದೇ ಕಟ್ಟೆ ಹಿಡಿದು ಎದ್ದು ನಿಲ್ಲುತ್ತದೆ, ಆಮೇಲೆ ಕೈ ಬಾಯಿಗೆ ಹಾಕುತ್ತದೆ. ಗಣಪತಿ ಹಬ್ಬಕ್ಕೋ ದೀಪಾವಳಿಗೋ ಪೇಂಟರ್ ಬಂದು ಪಾಲಿಶ್ ಪೇಪರ್ ಹಿಡಿದು ಒಣಗಿದ ಬಣ್ಣವನ್ನೇ ತಿಕ್ಕಿದರೆ ಹಾಸಿಗೆ, ಪಾತ್ರೆ, ಎಲ್ಲದರ ಮೇಲೂ ಅದೇ ಹುಡಿ. ಪೇಂಟರಿನ ಮೂಗಿಗೂ ಅದೇ. ಕೆಲಸ ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸಿದರೆ ಅದು ಮತ್ತೊಮ್ಮೆ ಏಳುತ್ತದೆ. ಚಂದ ಮಾಡಲು ಹೋಗಿ ಮನೆಯನ್ನು ಇನ್ನಷ್ಟು ಅಪಾಯಕ್ಕೆ ದೂಡಿದಂತಾಯಿತು, ಅಲ್ವಾ?

ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಕಬ್ಬಿಣ, ಕ್ಯಾಲ್ಶಿಯಂ ಕಡಿಮೆ ಇರುವ ಮಗು ಇನ್ನೂ ಜಾಸ್ತಿ ಹೀರುತ್ತದೆ. ಅಂದರೆ ಬಡವರ ಮನೆಯ ಮಗುವಿಗೆ ಎರಡು ಕಡೆಯಿಂದ ಹೊಡೆತ. ಜ್ವರವಿಲ್ಲ, ಕೆಮ್ಮಿಲ್ಲ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ, ಒಂದು ಕಡೆ ಗಮನ ಕೊಟ್ಟು ಕೂರುವುದಿಲ್ಲ. ನಾವು ದಡ್ಡ, ತುಂಟ ಅಂದುಬಿಡುತ್ತೇವೆ. ಮಿದುಳಿಗೆ ಆದ ಹಾನಿ ಔಷಧಿಯಿಂದ ಹಿಂದಕ್ಕೆ ಬರುವುದಿಲ್ಲ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಎಂಬ ಸಂಸ್ಥೆ ಕೊಟ್ಟ ವರದಿಯ ಅಂದಾಜಿನ ಪ್ರಕಾರ, ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸವಿದೆ. ಭಾರತವೊಂದರಲ್ಲೇ ಅಂಥ ಮಕ್ಕಳು ಸುಮಾರು 27.5 ಕೋಟಿ.

ಇದೆಲ್ಲ ಬಣ್ಣದಿಂದಲೇ ಬಂದದ್ದಲ್ಲ. ಹಳೇ ಬ್ಯಾಟರಿ ಒಡೆದು ಕರಗಿಸುವ ಗಲ್ಲಿಗಳಿವೆ. ತವರದ ಜೊತೆ ಸೀಸ ಬೆರೆಸಿ ಹಾಕುವ ಕಲಾಯಿ ಇದೆ. ಬಣ್ಣ ಏರಲಿ ಅಂತ ಅರಿಶಿನಕ್ಕೆ ಬೆರೆಸುವ, ಸೀಸವಿರುವ ಹಳದಿ ಪುಡಿ ಇದೆ. ಆದರೆ ನಮ್ಮ ಸಂಘದಂಥವರ ಕೈಗೆ ಎಟುಕುವ ಕೆಲಸ ಕಿಟಕಿ ಬಾಗಿಲಿನದು. ಅದಕ್ಕೇ ಅದನ್ನು ಮೊದಲು ಹಿಡಿಯೋಣ ಅನ್ನುತ್ತೇನೆ.

ಹಣ ಯಾರು ಹಾಕಬೇಕು? ಅಮೆರಿಕದ್ದು ಸ್ವಲ್ಪ ಹೇಳುತ್ತೇನೆ. ಅಲ್ಲಿ ಮನೆಯ ಬಣ್ಣದಲ್ಲಿ ಸೀಸವನ್ನು 1978ರಲ್ಲೇ ನಿಷೇಧಿಸಿದರು. ಹಳೇ ಮನೆಗಳ ಬಣ್ಣ ಹಾಗೇ ಉಳಿಯಿತು. 1992ರಲ್ಲಿ ಅದಕ್ಕೆಂದೇ ಕಾನೂನು ಮಾಡಿ, ಕೇಂದ್ರ ಸರ್ಕಾರದ ವಸತಿ ಇಲಾಖೆಯಿಂದ ಊರು ಊರಿಗೆ ಅನುದಾನ ಕೊಡಲು ಶುರು ಮಾಡಿದರು. ಕಡಿಮೆ ಆದಾಯದ, ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಮುಖ್ಯ ಗಮನ. ರೋಚೆಸ್ಟರ್ ಎಂಬ ಊರಿನಲ್ಲಿ ಜನರೇ ಒಕ್ಕೂಟ ಕಟ್ಟಿ ಒತ್ತಾಯ ಮಾಡಿದ ಮೇಲೆ, ಬಾಡಿಗೆ ಮನೆಗಳಲ್ಲಿ ಸೀಸದ ತಪಾಸಣೆ ಆಗಲೇಬೇಕೆಂದು 2005ರಲ್ಲಿ ನಗರಸಭೆ ನಿಯಮ ತಂದಿತು. ಸರ್ಕಾರದ ದುಡ್ಡು ದೊಡ್ಡದು, ನಿಜ. ಆದರೆ ಕೇಳುವವರು ಮೊದಲು ಹುಟ್ಟಿಕೊಂಡರು.

ನಮ್ಮಲ್ಲಿ ಹೌಸಿಂಗ್ ಸೊಸೈಟಿಗಳಿಗೆ ಸ್ವಂತ ಹಣವಿದೆ. ಮಹಾರಾಷ್ಟ್ರದ ಮಾದರಿ ಉಪವಿಧಿಯಂತೆ ರಿಪೇರಿ ನಿಧಿಗೆ ಫ್ಲಾಟಿನ ಕಟ್ಟಡ ವೆಚ್ಚದ ಕನಿಷ್ಠ ಶೇ. 0.75ರಷ್ಟು ವರ್ಷಕ್ಕೆ ಕೂಡಿಸಬೇಕು. ಡೊಂಬಿವಲಿ, ಬೊರಿವಲಿಯಲ್ಲಿ ಸೊಸೈಟಿ ಕಮಿಟಿಯಲ್ಲಿರುವವರು ಪೇಂಟಿಂಗ್ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ: ಹಳೇ ಬಣ್ಣವನ್ನು ಒಣಗಿದ್ದಂತೆ ಕೆರೆಯಬಾರದು, ಬೆಂಕಿ ಹಾಕಿ ಸುಡಬಾರದು, ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಬೇಕು. ಖರ್ಚು ಅಷ್ಟೇನೂ ಏರುವುದಿಲ್ಲ.

ಕಷ್ಟ ಇರುವುದು ಪಗಡಿ ಚಾಳುಗಳಲ್ಲಿ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ತಲೆಮಾರುಗಳಿಂದ ಬಾಡಿಗೆಗಿರುವ ಕಡೆ. ಬಾಡಿಗೆ ಕಡಿಮೆ, ಮಾಲೀಕ ಕೈ ಹಾಕುವುದಿಲ್ಲ. ದುರಸ್ತಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಹಳೇ ಕಟ್ಟಡಗಳಿಗೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿ ಇದ್ದರೂ ಅದರ ಚಿಂತೆ ಕಟ್ಟಡ ಬೀಳದಂತೆ ನೋಡಿಕೊಳ್ಳುವುದು. ಕಿಟಕಿಯ ಹುಡಿಗೆ ವಾರಸುದಾರರಿಲ್ಲ. ಇಲ್ಲೇ ನಮ್ಮ ಹಣ ಬೇಕು.

ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಕೇಳಬಹುದಲ್ಲ ಅಂತ ನೀವು ಅನ್ನಬಹುದು. ಖಂಡಿತ ಕೇಳೋಣ. ಆದರೆ ಆ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ನೋಂದಣಿ, ಸಿಎಸ್‌ಆರ್ ಕೆಲಸ ಮಾಡಲು ಬೇಕಾದ ಸಿಎಸ್‌ಆರ್-1 ನೋಂದಣಿ ಎರಡೂ ಬೇಕು. ಆದ್ದರಿಂದ ಮೊದಲ ಮೂರು ವರ್ಷ ಸ್ವಂತ ಹಣದಲ್ಲೇ, ಸಣ್ಣದಾಗಿ, ಲೆಕ್ಕಪತ್ರ ಸರಿಯಾಗಿಟ್ಟು ಮಾಡಬೇಕು. ಯಾವ ಮನೆ, ಯಾವ ಕಿಟಕಿ, ಕೆಲಸಕ್ಕೆ ಮೊದಲಿನ ಫೋಟೋ, ಆಮೇಲಿನ ಫೋಟೋ, ಪೇಂಟರಿನ ಸಹಿ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಸುಮ್ನೆ ರಕ್ತ ಪರೀಕ್ಷೆಯ ಕ್ಯಾಂಪ್ ಇಟ್ಟು, ಬ್ಯಾನರ್ ಕಟ್ಟಿ, ಹಣ ಮುಗಿಸಬೇಡಿ. ಮಗುವಿನ ರಕ್ತದಲ್ಲಿ ಸೀಸ ಇದೆ ಅಂತ ತಾಯಿಗೆ ಹೇಳಿ, ಅದೇ ಕಿಟಕಿಯ ಹತ್ತಿರಕ್ಕೆ ಆ ಮಗುವನ್ನು ವಾಪಸ್ ಕಳಿಸುವುದು ಅನ್ಯಾಯ. ಪರೀಕ್ಷೆ ಬೇಕು, ಬಸುರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ. ಮನೆಯ ಕೆಲಸಕ್ಕೆ ಹಣ ತೆಗೆದಿಟ್ಟ ಮೇಲೆ.

ಹಾಗೆ ತೆಗೆದಿಟ್ಟ ಹಣ ಹೋಗುವುದು ನೆಲಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್, ಸ್ಪ್ರೇ ಬಾಟಲಿ, ಒಳ್ಳೆಯ ಮಾಸ್ಕ್, ಒದ್ದೆ ಬಟ್ಟೆ, ಬಕೆಟ್, ಹೊಸ ಬಣ್ಣಕ್ಕೆ. ಜೊತೆಗೆ ಪೇಂಟರಿಗೆ ಒಂದು ದಿನದ ತರಬೇತಿ, ಆ ದಿನದ ಪೂರ್ತಿ ಕೂಲಿ ಸಮೇತ. ಕೂಲಿ ಕಡಿತವಾದರೆ ಯಾರೂ ಕಲಿಯಲು ಬರುವುದಿಲ್ಲ. ಕೆಲಸ ನಡೆಯುವ ದಿನಗಳಲ್ಲಿ ತಾಯಿ ಮಗು ಇರಲು ಸಂಘದ ಕೋಣೆ ಬಿಟ್ಟುಕೊಡಿ, ಅದಕ್ಕೆ ಬಾಡಿಗೆ ಕೇಳಬೇಡಿ.

ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ ಎಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ವಿದ್ಯಾನಿಧಿಯ ಹತ್ತರಲ್ಲಿ ಒಂದು ಪಾಲು, ಮೂರು ವರ್ಷಕ್ಕೆ, ಒಂದೇ ಒಂದು ಚಾಳಿನಿಂದ ಶುರು. ಅನುಮೋದಿಸಲು ಒಬ್ಬ ಸದಸ್ಯರ ಸಹಿ ಬೇಕು, ಕಾಗದ ಇಲ್ಲೇ ಮೇಜಿನ ಮೇಲಿದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.